ಬೆಳೀತಾರೆ ಬುಡಿ ಮೇಷ್ಟ್ರೇ

ನಮ್ಮ ಕಡೆ ಮಕ್ಕಳ ಎತ್ತರದ ಮಾತು ಬಂದರೆ ಎಲ್ಲ ಮನೆಗಳಲ್ಲೂ ಸಿದ್ಧವಾಗಿರುವ ಉತ್ತರ ಒಂದೇ: ‘ಬೆಳೀತಾರೆ ಬುಡಿ ಮೇಷ್ಟ್ರೇ.’ ಅದರ ಹಿಂದೆಯೇ ಸಾಕ್ಷಿಯೂ ಬರುತ್ತದೆ. ‘ಅವ್ರಪ್ಪನೂವೆ ಹಿಂಗೇ ಇದ್ದ. ಮೀಸೆ ಬಂದ ಮ್ಯಾಕೆ ತೊಲೆ ಮುಟ್ಟಂಗೆ ಬೆಳೆದ್ನಲ್ಲಾ.’ ಹೊನ್ನೂರಿನ ಸುತ್ತಮುತ್ತ, ಯಳಂದೂರಿನಿಂದ ಕೊಳ್ಳೇಗಾಲದವರೆಗೆ, ಇಪ್ಪತ್ತು ವರ್ಷಗಳಿಂದ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತಿರುವ ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಬಹುಪಾಲು ಮಕ್ಕಳ ವಿಷಯದಲ್ಲಿ ಅದು ನಿಜವೇ. ಕಷ್ಟವೆಂದರೆ, ಯಾವ ಮಗುವಿನ ವಿಷಯದಲ್ಲಿ ನಿಜ, ಯಾವ ಮಗುವಿನ ವಿಷಯದಲ್ಲಿ ಸುಳ್ಳು ಎಂಬುದು ಆ ಮಾತಿನೊಳಗೆ ಎಲ್ಲೂ ಇಲ್ಲ. ಮಗುವಿನ ಮುಖ ನೋಡಿದರೂ ತಿಳಿಯುವುದಿಲ್ಲ.

ಮಕ್ಕಳು ಎಲ್ಲ ವಯಸ್ಸಿನಲ್ಲೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಹುಟ್ಟಿದ ಮೊದಲ ವರ್ಷದಲ್ಲಿ ಮಗು ಸುಮಾರು 25 ಸೆಂಟಿಮೀಟರ್ ಉದ್ದವಾಗುತ್ತದೆ. ಎರಡನೆಯ ವರ್ಷಕ್ಕೆ ಅದು 10–12ಕ್ಕೆ ಇಳಿಯುತ್ತದೆ. ನಾಲ್ಕು ವರ್ಷ ದಾಟಿದ ಮೇಲೆ ಮೈನೆರೆಯುವ ತನಕ ವರ್ಷಕ್ಕೆ 5ರಿಂದ 6 ಸೆಂಟಿಮೀಟರ್. ಆಮೇಲೆ ಒಂದು ಜಿಗಿತ, ಹೆಣ್ಣುಮಕ್ಕಳಿಗೆ ಮೊದಲು, ಗಂಡುಮಕ್ಕಳಿಗೆ ಎರಡು ವರ್ಷ ತಡವಾಗಿ. ಕೂಸಾಗಿದ್ದಾಗ ಬೆಳೆಸುವುದು ಮುಖ್ಯವಾಗಿ ಹಾಲು, ಊಟ. ಬಾಲ್ಯದಲ್ಲಿ ಮಿದುಳಿನ ಬುಡದಲ್ಲಿರುವ, ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನು ಮತ್ತು ಕತ್ತಿನ ಥೈರಾಯ್ಡ್ ಸೇರಿ ಆ ಕೆಲಸ ವಹಿಸಿಕೊಳ್ಳುತ್ತವೆ. ಹರೆಯದಲ್ಲಿ ಇವುಗಳ ಜೊತೆಗೆ ಹೆಣ್ಣು–ಗಂಡಿನ ಹಾರ್ಮೋನುಗಳು ಬಂದು ಕೂಡುತ್ತವೆ. ಉದ್ದನೆಯ ಎಲುಬುಗಳ ತುದಿಯಲ್ಲಿ ಎಳೆಯ ಮೃದ್ವಸ್ಥಿಯ ಪದರವೊಂದಿರುತ್ತದೆ. ಎಲುಬು ಬೆಳೆಯುವುದು ಅಲ್ಲಿಂದ. ಹರೆಯದ ಕೊನೆಗೆ ಆ ಪದರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಮೇಲೆ ಯಾವ ವೈದ್ಯರ ಯಾವ ಔಷಧಿಯೂ ಅದನ್ನು ತೆರೆಯಲಾರದು. ‘ಬೆಳೀತಾರೆ’ ಎಂಬ ಮಾತಿಗೆ ಹೀಗೊಂದು ಕೊನೆಯ ದಿನಾಂಕವಿದೆ.

ಶಾಲೆಯಲ್ಲಿ ಅಳತೆ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಆದರೂ ಅದಕ್ಕೊಂದು ಕ್ರಮವಿದೆ. ಚಪ್ಪಲಿ ಬಿಡಿಸಬೇಕು, ರಿಬ್ಬನ್ನು ಕಟ್ಟಿದ ಜಡೆಯನ್ನು ಪಕ್ಕಕ್ಕೆ ಸರಿಸಬೇಕು. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗಿರಬೇಕು, ನೋಟ ನೇರವಾಗಿರಬೇಕು. ತಲೆಯ ಮೇಲೆ ರಟ್ಟಿನ ಪುಸ್ತಕವನ್ನು ಗೋಡೆಗೆ ಸರಿಯಾಗಿ ಒತ್ತಿಟ್ಟು ಗೆರೆ ಹಾಕಬೇಕು. ಬೆಳಗ್ಗೆ ಅಳೆದವರನ್ನು ಮುಂದಿನ ಸಲವೂ ಬೆಳಗ್ಗೆಯೇ ಅಳೆಯಬೇಕು. ದಿನವಿಡೀ ಕುಣಿದು ಬಂದ ಮಗುವಿನ ಬೆನ್ನುಮೂಳೆ ಸಂಜೆಗೆ ಸ್ವಲ್ಪ ಕುಗ್ಗಿರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ನೋಡಿ ಹೋಗುತ್ತದೆ. ಅವರ ಮುಂದೆ ಮಗು ನಿಲ್ಲುವುದು ಕೆಲವು ನಿಮಿಷ. ಆ ಕೆಲವು ನಿಮಿಷದಲ್ಲಿ ಅವರಿಗೆ ಮಗುವಿನ ಎತ್ತರ ಸಿಗುತ್ತದೆ. ಅದು ಎಷ್ಟು ಬೆಳೆಯಿತು ಎಂಬುದು ಸಿಗಬೇಕಾದರೆ ಹೋದ ವರ್ಷದ, ಅದರ ಹಿಂದಿನ ವರ್ಷದ ಅಂಕಿಗಳನ್ನು ಯಾರಾದರೂ ಬರೆದಿಟ್ಟಿರಬೇಕು. ಆ ರಿಜಿಸ್ಟರು ಇರುವುದು ನಮ್ಮ ಹತ್ತಿರ.

ಅಂಥ ರಿಜಿಸ್ಟರಿನ ಎರಡು ಸಾಲುಗಳನ್ನು ಇಲ್ಲಿ ಬರೆಯುತ್ತೇನೆ. ಇಬ್ಬರು ಹುಡುಗರು, ಒಂದೇ ತರಗತಿ, ಹುಟ್ಟಿದ ತಿಂಗಳೂ ಹತ್ತಿರ ಹತ್ತಿರ. ಐದನೇ ತರಗತಿಯ ಜೂನ್‌ನಲ್ಲಿ ಇಬ್ಬರೂ 121 ಸೆಂಟಿಮೀಟರ್. ಪ್ರಾರ್ಥನೆಯ ಸಾಲಿನಲ್ಲಿ ಮುಂದೆ ಯಾರು ನಿಲ್ಲಬೇಕೆಂದು ಇಬ್ಬರಿಗೂ ಜಗಳ. ಆ ದಿನ ಬಂದ ಯಾರೇ ಆದರೂ ‘ಇಬ್ಬರೂ ಕುಳ್ಳರು’ ಎಂದು ಬರೆದುಕೊಂಡು ಹೋಗಬಹುದಿತ್ತು. ಸಾಲಿನ ಹಿಂದಕ್ಕೆ ಹೋಗಿ ನೋಡಿ. ಮೊದಲನೆಯವನು ಮೂರನೇ ತರಗತಿಯಲ್ಲಿ 111, ನಾಲ್ಕರಲ್ಲಿ 116. ಎರಡನೆಯವನು ಮೂರರಲ್ಲಿ 115, ನಾಲ್ಕರಲ್ಲಿ 118. ಆರನೇ ತರಗತಿಗೆ ಬಂದಾಗ ಮೊದಲನೆಯವನು 126, ಎರಡನೆಯವನು 124. ಮೂರನೇ ತರಗತಿಯಲ್ಲಿ ಹೆಚ್ಚು ಕುಳ್ಳನಾಗಿದ್ದವನೇ ಸರಿಯಾಗಿ ಬೆಳೆಯುತ್ತಿದ್ದ. ವರ್ಷಕ್ಕೆ 5 ಸೆಂಟಿಮೀಟರ್, ತಪ್ಪದೆ. ಎರಡನೆಯವನದು 3. ಈ ವಯಸ್ಸಿನಲ್ಲಿ ವರ್ಷಕ್ಕೆ 4 ಸೆಂಟಿಮೀಟರ್‌ಗಿಂತ ಕಡಿಮೆ ಬೆಳೆಯುವ ಮಗುವನ್ನು ವೈದ್ಯರು ನೋಡಲೇಬೇಕು. ಈ ಇಬ್ಬರ ಕಥೆಗೆ ಮತ್ತೆ ಬರುತ್ತೇನೆ. ಅದಕ್ಕೆ ಮುಂಚೆ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಅವಳು ಸಾಲಿನ ಮುಂದೆ ನಿಲ್ಲುತ್ತಿದ್ದವಳೂ ಅಲ್ಲ.

ಆ ಹುಡುಗಿಯನ್ನು ಎಲ್ಲರೂ ಹೊಗಳುತ್ತಿದ್ದರು. ಗಲಾಟೆಯಿಲ್ಲ, ಎದ್ದು ಓಡುವುದಿಲ್ಲ, ಬರೆ ಎಂದರೆ ಬರೆಯುತ್ತಾಳೆ, ಕೂರು ಎಂದರೆ ಕೂರುತ್ತಾಳೆ. ದುಂಡು ಮುಖ, ಕೆನ್ನೆ ತುಂಬಿದೆ, ಊಟದ ಕೊರತೆಯ ಲಕ್ಷಣವಿಲ್ಲ. ಅವಳ ವಿಷಯದಲ್ಲಿ ಮೊದಲು ಅನುಮಾನಪಟ್ಟದ್ದು ಸಮವಸ್ತ್ರ ಹೊಲಿಯುವ ಟೈಲರು. ಸರ್ಕಾರ ಕೊಡುವ ಬಟ್ಟೆಯಲ್ಲಿ ಲಂಗ ಹೊಲಿಸುವಾಗ ನಮ್ಮ ತಾಯಂದಿರು ಕೆಳಗಡೆ ಅಗಲವಾದ ಮಡಿಕೆ ಬಿಡಿಸುತ್ತಾರೆ. ವರ್ಷ ಕಳೆದಂತೆ ಅದನ್ನು ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. ಆ ಟೈಲರ ಹತ್ತಿರ ಎಣ್ಣೆ ಹತ್ತಿ ಕಪ್ಪಾದ ಒಂದು ಅಳತೆ ಪುಸ್ತಕವಿದೆ. ಅವರು ಹೇಳಿದ್ದು ಇಷ್ಟು: ‘ಈ ಕೂಸ್ಗೆ ಎರಡು ವರ್ಸದಿಂದ ಮಡಿಕೆ ಬಿಚ್ಚೇ ಇಲ್ಲ ಕನ ಸಾ. ಉದ್ದ ಹೋದ್ ವರ್ಸದ್ದೇ. ಸೊಂಟ ಮಾತ್ರ ಎರಡಿಂಚು ಜಾಸ್ತಿ ಆಗದೆ.’

ರಿಜಿಸ್ಟರಿನಲ್ಲಿ ನೋಡಿದರೆ ಮೂರನೇ ತರಗತಿಯಲ್ಲಿ 118, ನಾಲ್ಕರಲ್ಲಿ 120.5, ಐದರಲ್ಲಿ 122. ತರಗತಿಯಲ್ಲಿ ಅವಳಿಗಿಂತ ಗಿಡ್ಡ ಹುಡುಗಿಯರಿದ್ದರು. ಆದರೆ ಅವರೆಲ್ಲ ತಮ್ಮ ತಮ್ಮ ಗೆರೆಯಲ್ಲಿ ಮೇಲಕ್ಕೆ ಹೋಗುತ್ತಿದ್ದರು. ಇವಳ ಗೆರೆ ಹೆಚ್ಚುಕಡಿಮೆ ಅಡ್ಡ ಮಲಗಿತ್ತು. ಟೈಲರು ಹೇಳಿದ ಸೊಂಟದ ಎರಡಿಂಚು ಇನ್ನೂ ದೊಡ್ಡ ಸುಳಿವು. ಊಟ ಸಾಲದ ಮಗುವಾಗಲಿ, ದೀರ್ಘ ಕಾಯಿಲೆಯ ಮಗುವಾಗಲಿ ಮೊದಲು ತೂಕ ಕಳೆದುಕೊಳ್ಳುತ್ತದೆ. ಎತ್ತರ ಕುಂಠಿತವಾಗುವುದು ಆಮೇಲೆ. ಹಾರ್ಮೋನಿನ ತೊಂದರೆಯಲ್ಲಿ ಇದು ತಿರುಗುಮುರುಗು. ಎತ್ತರ ನಿಂತಿರುತ್ತದೆ, ತೂಕ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಇಂಥ ಮಕ್ಕಳು ಕಣ್ಣಿಗೆ ಬೀಳುವುದಿಲ್ಲ. ಬಡಕಲು ಮಗುವನ್ನು ನೋಡಿದರೆ ಎಲ್ಲರಿಗೂ ಮರುಕ. ದುಂಡಗಿರುವ ಮಗುವನ್ನು ನೋಡಿದರೆ ದೃಷ್ಟಿ ತೆಗೆಯುತ್ತೇವೆ.

ಅವಳ ಅಪ್ಪ ಕೆಲಸ ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ತಾಯಿ, ಅಜ್ಜಿ ಮತ್ತು ಮಗುವಿನ ಜೊತೆ ನಾನೂ ಹೊರಟೆ. ಯಳಂದೂರಿಗೆ ಬಂದು, ಸಂತೇಮರಹಳ್ಳಿ, ನರಸೀಪುರ ದಾಟಿ ಮೈಸೂರು, ಸುಮಾರು 60 ಕಿಲೋಮೀಟರ್. ಮಕ್ಕಳ ಹಾರ್ಮೋನು ತಜ್ಞರು ಏನು ಮಾಡುತ್ತಾರೆಂದು ನಾನು ಕಣ್ಣಾರೆ ಕಂಡದ್ದು ಅಂದೇ. ರಕ್ತ ತೆಗೆಯುವ ಮೊದಲು ಅವರು ಮಾಡಿದ್ದೆಲ್ಲ ಅಳತೆ ಮತ್ತು ಪ್ರಶ್ನೆ. ನಿಲ್ಲಿಸಿ ಮೂರು ಸಲ ಅಳೆದರು. ಕೂರಿಸಿ ಅಳೆದರು. ಕೈ ಚಾಚಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದರು. ಹುಟ್ಟಿದಾಗ ಎಷ್ಟು ತೂಕ, ಹಲ್ಲು ಯಾವಾಗ ಬಿದ್ದವು, ಹೊಟ್ಟೆ ಕಟ್ಟುತ್ತದೆಯೇ, ಚಳಿ ಹೆಚ್ಚೇ ಎಂದು ಕೇಳಿದರು. ತಾಯಿ ಒಂದೊಂದಕ್ಕೂ ಹೌದು ಹೌದು ಎನ್ನುತ್ತಾ ಹೋದರು. ಬೇಸಿಗೆಯಲ್ಲೂ ಹೊದ್ದುಕೊಂಡೇ ಮಲಗುತ್ತಾಳೆ, ನಾಲ್ಕು ದಿನಕ್ಕೊಮ್ಮೆ ಹೊರಕಡೆಗೆ ಹೋಗುತ್ತಾಳೆ. ಇವೆಲ್ಲ ಒಂದೇ ಕಾಯಿಲೆಯ ಬಿಡಿ ತುಂಡುಗಳೆಂದು ಯಾರಿಗೂ ಹೊಳೆಯುವಂತಿರಲಿಲ್ಲ.

ಆಮೇಲೆ ತಂದೆ–ತಾಯಿಯ ಎತ್ತರ ಕೇಳಿದರು. ಅದಕ್ಕೊಂದು ಸರಳ ಲೆಕ್ಕವಿದೆ. ಇಬ್ಬರ ಎತ್ತರವನ್ನು ಕೂಡಿಸಿ, ಹುಡುಗಿಯಾದರೆ 13 ಸೆಂಟಿಮೀಟರ್ ಕಳೆದು, ಹುಡುಗನಾದರೆ 13 ಸೇರಿಸಿ, ಅರ್ಧ ಮಾಡಬೇಕು. ಅಪ್ಪ 165, ಅಮ್ಮ 152. ಮಗಳು 152ರ ಆಸುಪಾಸು ಬೆಳೆಯಬೇಕು. ‘ಅವ್ರಪ್ಪನೂವೆ ಹಿಂಗೇ ಇದ್ದ’ ಎಂಬ ನಮ್ಮ ಮಾತು ಆಸ್ಪತ್ರೆಯಲ್ಲಿ ಹೀಗೆ ಅಂಕಿಯಾಗಿ ಕೂತಿರುವುದನ್ನು ಕಂಡು ಅಜ್ಜಿಗೆ ಸ್ವಲ್ಪ ಸಮಾಧಾನವಾಯಿತು. ಎಡಗೈಯ ಎಕ್ಸ್-ರೇ ತೆಗೆಸಿದರು. ಮಣಿಕಟ್ಟಿನ ಪುಟ್ಟ ಎಲುಬುಗಳು ಒಂದು ಕ್ರಮದಲ್ಲಿ ಮೂಡುತ್ತವೆ, ಅವುಗಳನ್ನು ಮಾದರಿ ಚಿತ್ರಗಳ ಜೊತೆ ಹೋಲಿಸಿದರೆ ಎಲುಬಿನ ವಯಸ್ಸು ತಿಳಿಯುತ್ತದೆ. ಹುಡುಗಿಗೆ ಹತ್ತು ವರ್ಷ, ಅವಳ ಎಲುಬಿಗೆ ಏಳು. ರಕ್ತಪರೀಕ್ಷೆಯಲ್ಲಿ ಪಿಟ್ಯುಟರಿ ಥೈರಾಯ್ಡನ್ನು ಎಬ್ಬಿಸಲು ಕಳಿಸುವ ಟಿಎಸ್‌ಎಚ್ 100ನ್ನೂ ದಾಟಿತ್ತು. ಆರೋಗ್ಯವಂತ ಮಕ್ಕಳಲ್ಲಿ ಅದು 5ರ ಒಳಗಿರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಥೈರಾಯ್ಡಿನ ಮೇಲೆ ತಿರುಗಿಬಿದ್ದು ಅದನ್ನು ಮೆಲ್ಲಗೆ ಸವೆಸಿತ್ತು. ಯಾರೂ ಮಾಡಿದ್ದಲ್ಲ, ಉಪ್ಪು ಹೆಚ್ಚುಕಡಿಮೆಯಾಗಿ ಬಂದದ್ದೂ ಅಲ್ಲ.

ಚಿಕಿತ್ಸೆ ಎಂದರೆ ಒಂದು ಪುಟ್ಟ ಬಿಳಿ ಮಾತ್ರೆ, ದಿನಕ್ಕೆ ಎರಡು ರೂಪಾಯಿಯ ಆಸುಪಾಸು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಏನೂ ತಿನ್ನಬಾರದು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇದರ ಜೊತೆ ಹೊಟ್ಟೆಗೆ ಹೋದರೆ ಔಷಧಿ ರಕ್ತಕ್ಕೆ ಸೇರುವುದಿಲ್ಲ, ನಡುವೆ ನಾಲ್ಕು ಗಂಟೆ ಇರಬೇಕು. ಇದು ಮನೆಯಷ್ಟೇ ಶಾಲೆಗೂ ಸಂಬಂಧಿಸಿದ್ದು. 2013ರಿಂದ ಕ್ಷೀರಭಾಗ್ಯದ ಹಾಲು ಕುಡಿಸುವವರು ನಾವು, ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನುಂಗಿಸುವವರೂ ನಾವೇ. ಹಾಗಾಗಿ ಅವಳ ಮಾತ್ರೆ ಬೆಳಗ್ಗೆ ಆರಕ್ಕೆ ಮನೆಯಲ್ಲಿ, ಶಾಲೆಯ ಮಾತ್ರೆ ಮಧ್ಯಾಹ್ನದ ಊಟವಾದ ಮೇಲೆ ಎಂದು ಗೊತ್ತುಮಾಡಿಕೊಂಡೆವು.

ಕಷ್ಟ ಬಂದದ್ದು ದುಡ್ಡಿನಿಂದಲ್ಲ. ‘ಜೀವ ಇರೋಗಂಟ ನುಂಗ್ಬೇಕಾ?’ ಎಂದು ಬಸ್ಸಿನಲ್ಲಿ ಅಜ್ಜಿ ಕೇಳಿದರು. ‘ಬಹುಶಃ ಹೌದಮ್ಮಾ’ ಎಂದೆ. ಸಂತೇಮರಹಳ್ಳಿ ಬರುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ, ‘ಹೆಣ್ಣು ಕೂಸು ಮೇಷ್ಟ್ರೇ. ಊರ್ಗೆಲ್ಲ ಗೊತ್ತಾದ್ರೆ ನಾಳೆ ಗಂಡಿನೋರು ಏನಂದಾರು?’ ಎಂದರು. ಹತ್ತು ವರ್ಷದ ಮಗು ಕಿಟಕಿಗೆ ತಲೆಯಿಟ್ಟು ನಿದ್ದೆಮಾಡುತ್ತಿತ್ತು. ಮಾತ್ರೆ ತಪ್ಪಿಸಿದರೆ ಆಗುವುದೇನೆಂದು ವೈದ್ಯರು ಹೇಳಿದ್ದನ್ನು ನಾನು ಮತ್ತೊಮ್ಮೆ ಹೇಳಿದೆ: ಎತ್ತರ ನಿಲ್ಲುತ್ತದೆ, ಮೈನೆರೆಯುವುದು ಏರುಪೇರಾಗುತ್ತದೆ, ಮುಂದೆ ಬಸುರಿಯಾದಾಗ ಹೊಟ್ಟೆಯ ಕೂಸಿಗೂ ತೊಂದರೆ. ಕೊನೆಯ ಮಾತು ಅಜ್ಜಿಗೆ ನಾಟಿತು. ಮಾತ್ರೆಯ ಬಾಟಲಿ ಅಂದಿನಿಂದ ಅಜ್ಜಿಯ ಎಲೆಯಡಿಕೆ ಚೀಲದ ಪಕ್ಕದಲ್ಲೇ ಇದೆ. ಬೆಳಗ್ಗೆ ಅವರ ಮೊದಲ ಕೆಲಸವೇ ಅದು.

ಮೂರು ತಿಂಗಳಾಗುವ ಹೊತ್ತಿಗೆ ಸಹೋದ್ಯೋಗಿಗಳಿಂದ ದೂರು ಶುರುವಾಯಿತು. ‘ಎಷ್ಟು ಒಳ್ಳೆ ಹುಡುಗಿ ಇದ್ದಳು, ಈಗ ಬಾಯಿ ಮುಚ್ಚೋದೇ ಇಲ್ಲ. ಬೆಂಚಿನ ಮೇಲೆ ಹತ್ತುತ್ತಾಳೆ. ಬರವಣಿಗೆಯೂ ಹಾಳಾಯ್ತು.’ ವೈದ್ಯರು ಇದನ್ನು ಮೊದಲೇ ಹೇಳಿದ್ದರು. ವರ್ಷಗಟ್ಟಲೆ ನಿಧಾನವಾಗಿದ್ದ ಮಗು ಎಚ್ಚರಗೊಂಡಾಗ ಕೆಲವು ತಿಂಗಳು ಚಡಪಡಿಸುತ್ತದೆ, ಅಂಕಗಳು ಒಂದಿಷ್ಟು ಇಳಿದರೂ ಗಾಬರಿಯಾಗಬೇಡಿ ಎಂದು. ನಾವು ನಾಲ್ಕು ವರ್ಷ ಹೊಗಳಿದ ಅವಳ ಸಂಭಾವಿತ ಸ್ವಭಾವ ಅವಳ ಸ್ವಭಾವವೇ ಆಗಿರಲಿಲ್ಲ. ತರಗತಿಯಲ್ಲಿ ಸದ್ದಿಲ್ಲದೆ ಕೂರುವ ಮಗುವನ್ನು ಕಂಡರೆ ಮೇಷ್ಟರಿಗೆ ಹಿತ. ಆ ಹಿತ ಮಗುವಿನದೂ ಹೌದೇ ಎಂದು ಕೇಳಿಕೊಳ್ಳುವ ಅಭ್ಯಾಸ ನನಗೆ ಅಂದಿನಿಂದ ಬಂತು. ಒಂದು ವರ್ಷದಲ್ಲಿ ಅವಳು 9 ಸೆಂಟಿಮೀಟರ್ ಬೆಳೆದಳು. ಲಂಗದ ಮಡಿಕೆ ಪೂರ್ತಿ ಬಿಚ್ಚಿಯೂ ಸಾಲದೆ ಹೊಸ ಬಟ್ಟೆ ಸೇರಿಸಬೇಕಾಯಿತು.

ಹತ್ತನೇ ವಯಸ್ಸಿನಲ್ಲಿ ಥೈರಾಯ್ಡ್ ಸೋತರೆ ಕಳೆದುಕೊಂಡದ್ದರಲ್ಲಿ ಬಹುಪಾಲು ಮರಳಿ ಸಿಗುತ್ತದೆ. ಹುಟ್ಟುವಾಗಲೇ ಸೋತಿದ್ದರೆ ಹಾಗಲ್ಲ. ಮೊದಲ ಎರಡು ಮೂರು ವರ್ಷ ಮಿದುಳು ಬೆಳೆಯುವುದೇ ಆ ಹಾರ್ಮೋನಿನ ಬಲದಿಂದ. ಹುಟ್ಟಿದ ಎರಡು ವಾರದೊಳಗೆ ಅದೇ ಎರಡು ರೂಪಾಯಿಯ ಮಾತ್ರೆಯನ್ನು ಅರೆದು ಕುಡಿಸಿದರೆ ಮಗು ಎಲ್ಲರಂತೆ ಬೆಳೆದು ಓದುತ್ತದೆ. ತಿಂಗಳುಗಟ್ಟಲೆ ತಡವಾದರೆ ಹೋದ ಬುದ್ಧಿಶಕ್ತಿಯನ್ನು ಯಾವ ಪ್ರಮಾಣದ ಔಷಧಿಯೂ ತರಲಾರದು. ನಮ್ಮ ದೇಶದಲ್ಲಿ ಸುಮಾರು ಸಾವಿರ ಮಕ್ಕಳಿಗೆ ಒಂದು ಹೀಗೆ ಹುಟ್ಟುತ್ತದೆ. ಹುಟ್ಟಿದಾಗ ನೋಡಲು ಏನೂ ವ್ಯತ್ಯಾಸವಿರುವುದಿಲ್ಲ. ಹೆಚ್ಚು ಮಲಗುತ್ತದೆ, ಅಳುವುದು ಕಡಿಮೆ, ‘ಬಲು ಸಾಧು ಕೂಸು’ ಎನ್ನಿಸಿಕೊಳ್ಳುತ್ತದೆ. ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವುದೊಂದೇ ನಂಬಬಹುದಾದ ದಾರಿ. ಹೀಗೆ ನವಜಾತ ಶಿಶುಗಳ ರಕ್ತದ ಹನಿಯನ್ನು ಸಾಮೂಹಿಕವಾಗಿ ಪರೀಕ್ಷಿಸುವ ಕೆಲಸ ಭಾರತದಲ್ಲಿ ಮೊದಲು ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1980ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿದರು. ಈಗ ಪಕ್ಕದ ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಥೈರಾಯ್ಡಿನ ಪರೀಕ್ಷೆಯೂ ನಡೆಯುತ್ತದೆ. ನಮ್ಮೂರಿನ ಬಾಣಂತಿಯರ ಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ನಾನು ಸಿಕ್ಕಾಗಲೆಲ್ಲ ಹೇಳುವುದು ಒಂದೇ: ಅಳುವ ಕೂಸಿಗಿಂತ ಅಳದ ಕೂಸಿನ ಮೇಲೆ ಕಣ್ಣಿಡಮ್ಮಾ.

ಹಾರ್ಮೋನು ಎಂಬ ಪದ ನಮ್ಮ ಜನರಿಗೆ ಹೊಸದಿರಬಹುದು. ಅದರ ಕೆಲಸ ಹೊಸದಲ್ಲ. ರೇಷ್ಮೆ ಹುಳು ಮೇಯಿಸಿದ ಮನೆಗಳಿಗೆ ಅದು ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲೂ ಹುಳು ಮೇಯಿಸುತ್ತಿದ್ದೆವು. ಸುಮಾರು ಇಪ್ಪತ್ತೈದು ದಿನದಲ್ಲಿ ಹುಳು ಹತ್ತು ಸಾವಿರ ಪಟ್ಟು ತೂಕ ಬೆಳೆಯುತ್ತದೆ. ನಡುವೆ ನಾಲ್ಕು ಸಲ ಸೊಪ್ಪು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಕೂತು ಪೊರೆ ಕಳಚುತ್ತದೆ. ಅದಕ್ಕೆ ನಾವು ‘ಜ್ವರ’ ಎನ್ನುತ್ತೇವೆ: ಒಂದನೇ ಜ್ವರ, ಎರಡನೇ ಜ್ವರ, ನಾಲ್ಕನೇ ಜ್ವರ. ನಾಲ್ಕು ಜ್ವರ ಎದ್ದು ಸೊಪ್ಪು ತಿಂದ ಹುಳು ಹಣ್ಣಾಗಿ ಚಂದ್ರಂಕಿಗೆ ಹೋಗಿ ಗೂಡು ಕಟ್ಟುತ್ತದೆ. ಈ ಪೊರೆ ಬಿಡಿಸುವ ಹಾರ್ಮೋನಿನ ಹೆಸರು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲು ಶುದ್ಧವಾಗಿ ತೆಗೆದದ್ದು ರೇಷ್ಮೆ ಹುಳುವಿನ ಕೋಶದಿಂದಲೇ. 500 ಕಿಲೋ ಕೋಶ ಅರೆದಾಗ ಸಿಕ್ಕಿದ್ದು 25 ಮಿಲಿಗ್ರಾಂ, ಒಂದು ಚಿಟಿಕೆಯೂ ಅಲ್ಲ. ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಲೆಂದು ಸೊಪ್ಪಿನ ಮೇಲೆ ಸಿಂಪಡಿಸುವ ‘ಸಂಪೂರ್ಣ’ವೂ ಇದೇ ಜಾತಿಯದು, ಗಿಡಮೂಲದ್ದು.

ಹುಳು ಮೇಯಿಸಿದವರಿಗೆ ಇನ್ನೊಂದು ವಿಷಯವೂ ಗೊತ್ತು. ಹೊತ್ತಿಗೆ ಮುಂಚೆ ಹಣ್ಣಾದ ಹುಳು ತೆಳು ಗೂಡು ಕಟ್ಟುತ್ತದೆ. ಮಕ್ಕಳಲ್ಲೂ ಇದಕ್ಕೆ ಹತ್ತಿರದ್ದೊಂದಿದೆ. ಎಂಟು ತುಂಬುವ ಮೊದಲೇ ಹುಡುಗಿಗೆ ಎದೆ ಮೂಡಲು ಶುರುವಾದರೆ, ಒಂಬತ್ತರ ಮೊದಲೇ ಹುಡುಗನಲ್ಲಿ ಬದಲಾವಣೆ ಕಂಡರೆ ಅದು ಬೇಗ ಬಂದ ಹರೆಯ. ಆಗ ಮಗು ಥಟ್ಟನೆ ಎತ್ತರವಾಗುತ್ತದೆ, ಮನೆಯವರು ಹಿಗ್ಗುತ್ತಾರೆ. ಆದರೆ ಅದೇ ಹಾರ್ಮೋನು ಎಲುಬಿನ ತುದಿಯನ್ನೂ ಬೇಗ ಮುಚ್ಚುತ್ತದೆ. ಮೂರನೇ ತರಗತಿಯಲ್ಲಿ ಎಲ್ಲರಿಗಿಂತ ಉದ್ದವಿದ್ದ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರಿಗಿಂತ ಗಿಡ್ಡ. ಅದನ್ನು ತಡೆಹಿಡಿಯುವ ಚುಚ್ಚುಮದ್ದು ಇದೆ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಕೊಟ್ಟು ಸರಿಯಾದ ವಯಸ್ಸಿನಲ್ಲಿ ನಿಲ್ಲಿಸುತ್ತಾರೆ. ನಮ್ಮಲ್ಲಿ ಇಂಥ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕಿಂತ ಮುಂಚೆ ಆರತಿ ಮಾಡಿ ಮನೆಯೊಳಗೆ ಕೂರಿಸುವುದೇ ಹೆಚ್ಚು. ಇನ್ನು, ಕಾರಣ ತಿಳಿಯದೆ ಗಿಡ್ಡವಿರುವ ಪ್ರತಿ ಹುಡುಗಿಗೂ ವೈದ್ಯರು ವರ್ಣತಂತುಗಳ ಪರೀಕ್ಷೆ ಮಾಡಿಸುತ್ತಾರೆ. ಸುಮಾರು 2500 ಹುಡುಗಿಯರಲ್ಲಿ ಒಬ್ಬಳಿಗೆ ಎರಡು ಎಕ್ಸ್ ವರ್ಣತಂತುಗಳ ಬದಲು ಒಂದೇ ಇರುತ್ತದೆ. ಟರ್ನರ್ ಸಿಂಡ್ರೋಮ್ ಎನ್ನುವ ಅದು ಎಷ್ಟೋ ಸಲ ಹೊರಗೆ ಕಾಣುವುದು ಗಿಡ್ಡತನದಿಂದ ಮಾತ್ರ.

ಈಗ ಆ ಇಬ್ಬರು ಹುಡುಗರು. ಇಬ್ಬರನ್ನೂ ಆರನೇ ತರಗತಿಯಲ್ಲಿದ್ದಾಗ ರಿಜಿಸ್ಟರಿನ ಅಂಕಿಗಳ ಸಮೇತ ಮೈಸೂರಿಗೆ ಕಳಿಸಿದೆವು. ಮೊದಲನೆಯವನ ಎಲುಬಿನ ವಯಸ್ಸು ಎರಡು ವರ್ಷ ಹಿಂದಿತ್ತು. ರಕ್ತದಲ್ಲಿ ಏನೂ ದೋಷವಿರಲಿಲ್ಲ. ವೈದ್ಯರು ಅಪ್ಪನನ್ನೇ ಕೇಳಿದರಂತೆ, ‘ನಿಮಗೆ ಮೀಸೆ ಯಾವಾಗ ಬಂತು?’ ಅವರ ಎಸ್ಸೆಸ್ಸೆಲ್ಸಿ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವರು ಅವರು. ಮದುವೆ ಫೋಟೋದಲ್ಲಿ ಹೆಂಡತಿಗಿಂತ ಒಂದು ಗೇಣು ಎತ್ತರ. ಮಗನೂ ಅದೇ ದಾರಿಯಲ್ಲಿದ್ದ. ಔಷಧಿ ಬರೆಯಲಿಲ್ಲ, ಆರು ತಿಂಗಳಿಗೊಮ್ಮೆ ಬಂದು ಅಳತೆ ಕೊಡಿ ಎಂದರು. ‘ಅಷ್ಟು ದೂರ ಹೋಗಿ ಬರೀಕೈಲಿ ಬಂದೆವಲ್ಲಾ’ ಎಂದು ಅಪ್ಪನಿಗೆ ಬೇಜಾರು. ಎತ್ತರ ಹೆಚ್ಚಿಸುವ ಪುಡಿಯ ಡಬ್ಬಿಯೊಂದನ್ನು ತರಿಸಿಯೂ ಆಗಿತ್ತು. ಹಾಲಿಗೆ ಹಾಕುವ ಯಾವ ಪುಡಿಯೂ ಎಲುಬಿಗೆ ಕೇಳಿಸದು. ಇಷ್ಟೆಲ್ಲ ಪರೀಕ್ಷೆಯ ಕೊನೆಗೆ ಬಂದ ‘ಏನೂ ಬೇಡ’ ಎಂಬ ಮಾತು ಸೋಮಾರಿ ಮಾತಲ್ಲ ಎಂದು ಅವರಿಗೆ ತಿಳಿಸಲು ನನಗೆ ಒಂದು ಸಂಜೆ ಹಿಡಿಯಿತು. ಮನೆಯವರು ಹೇಳುತ್ತಿದ್ದುದೂ ವೈದ್ಯರು ಹೇಳಿದ್ದೂ ಕೊನೆಗೆ ಒಂದೇ: ಬೆಳೆಯುತ್ತಾನೆ ಬಿಡಿ. ವೈದ್ಯರು ಅಳೆದು ನೋಡಿ ಹೇಳಿದ್ದರು.

ಎರಡನೆಯವನನ್ನು ಸ್ನೇಹಿತರು ‘ವಾಮನ’ ಎನ್ನುತ್ತಿದ್ದರು. ವಾಮನ ಆಮೇಲೆ ಬೆಳೆದ ಕಥೆ ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಮಕ್ಕಳಿಗೆ ಗೊತ್ತಿಲ್ಲದ್ದೇನಲ್ಲ. ಹೆಸರಿಡುವಾಗ ಆ ಭಾಗ ಬೇಕಾಗಿರಲಿಲ್ಲ, ಅಷ್ಟೆ. ಅವನಿಗೆ ಬೆಳವಣಿಗೆ ಹಾರ್ಮೋನಿನ ಕೊರತೆ ಇದೆಯೇ ಎಂದು ತಿಳಿಯಲು ಒಂದು ಸಲದ ರಕ್ತ ಸಾಲದು. ಆ ಹಾರ್ಮೋನು ಅಲೆ ಅಲೆಯಾಗಿ, ಹೆಚ್ಚಾಗಿ ಗಾಢ ನಿದ್ದೆಯಲ್ಲಿ, ಬಿಡುಗಡೆಯಾಗುತ್ತದೆ. ಹಗಲು ಹೊತ್ತಿನಲ್ಲಿ ಆರೋಗ್ಯವಂತ ಮಗುವಿನಲ್ಲೂ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪಿಟ್ಯುಟರಿಯನ್ನು ಕೆಣಕುವ ಮಾತ್ರೆ ಕೊಟ್ಟು, ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಒಂದು ಪರೀಕ್ಷೆಯಲ್ಲಿ ಹಾರ್ಮೋನು ಏಳದಿದ್ದರೂ ತೀರ್ಮಾನಕ್ಕೆ ಬರುವುದಿಲ್ಲ, ಬೇರೆ ಔಷಧಿಯಿಂದ ಇನ್ನೊಂದು ಪರೀಕ್ಷೆ. ಅವನಲ್ಲಿ ಎರಡರಲ್ಲೂ ಏಳಲಿಲ್ಲ. ಮಿದುಳಿನ ಎಂಆರ್‌ಐಯಲ್ಲಿ ಗೆಡ್ಡೆಯೇನೂ ಇಲ್ಲ, ಪಿಟ್ಯುಟರಿ ಮಾತ್ರ ಚಿಕ್ಕದು.

ಇದಕ್ಕಿರುವ ಔಷಧಿಯ ಚರಿತ್ರೆಯನ್ನು ನಾನು ಎಂಟನೇ ತರಗತಿಗೆ ಪಾಠದ ನಡುವೆ ಹೇಳುತ್ತೇನೆ. ದನ, ಹಂದಿಯ ಇನ್ಸುಲಿನ್ ಮನುಷ್ಯನಿಗೆ ಕೆಲಸ ಮಾಡುತ್ತದೆ. ಅವುಗಳ ಬೆಳವಣಿಗೆ ಹಾರ್ಮೋನು ಕೆಲಸ ಮಾಡುವುದಿಲ್ಲ. 1958ರಲ್ಲಿ ಅಮೆರಿಕದ ಮಾರಿಸ್ ರಾಬೆನ್ ಸತ್ತವರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನು ಕೊಟ್ಟು ಒಬ್ಬ ಹುಡುಗನನ್ನು ಬೆಳೆಸಿದ್ದನ್ನು ವರದಿ ಮಾಡಿದರು. ಮುಂದೆ ಹಲವು ದೇಶಗಳಲ್ಲಿ ಹೆಣಗಳಿಂದ ಗ್ರಂಥಿ ಸಂಗ್ರಹಿಸಿ ಸಾವಿರಾರು ಮಕ್ಕಳಿಗೆ ಕೊಟ್ಟರು. 1985ರಲ್ಲಿ, ಹಾಗೆ ಪಡೆದವರಲ್ಲಿ ಕೆಲವರು ಮಿದುಳನ್ನು ತಿನ್ನುವ ಕ್ರೂಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆಯಿಂದ ಸತ್ತದ್ದು ಬೆಳಕಿಗೆ ಬಂದು ಅದನ್ನು ನಿಲ್ಲಿಸಿದರು. ಅದೇ ವರ್ಷ ಬ್ಯಾಕ್ಟೀರಿಯಾದೊಳಗೆ ಮನುಷ್ಯನ ಜೀನು ಸೇರಿಸಿ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದು ಎಲ್ಲ ಕಡೆ ಕೊಡುವುದು ಹೀಗೆ ಪ್ರಯೋಗಾಲಯದಲ್ಲಿ ತಯಾರಾದದ್ದೇ. ಪ್ರತಿ ರಾತ್ರಿ ಚರ್ಮದಡಿ ಒಂದು ಸಣ್ಣ ಚುಚ್ಚು, ಎಲುಬು ಮುಚ್ಚುವವರೆಗೆ. ಮಗುವಿನ ತೂಕ ಏರಿದಂತೆ ಪ್ರಮಾಣವೂ ಏರುತ್ತದೆ, ಖರ್ಚೂ ಏರುತ್ತದೆ. ಈ ವಯಸ್ಸಿನ ಹುಡುಗನಿಗೆ ತಿಂಗಳಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ.

ಅವನ ಅಪ್ಪ ಕೂಲಿಗೆ ಹೋಗುವವರು. ಎಲ್ಲ ಕೇಳಿಸಿಕೊಂಡ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಗಿಡ್ಡ ಇದ್ರೆ ಸಾಯಾಕಿಲ್ಲ ಅಲ್ವಾ ಸಾ?’ ಸಾಯುವುದಿಲ್ಲ. ಗಿಡ್ಡವಿರುವುದು ಕೊರತೆಯೂ ಅಲ್ಲ. ನಾಲ್ಕಡಿ ಎತ್ತರದವರೂ ಮನೆ ಕಟ್ಟಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಇದನ್ನು ಹೇಳದೆ ಚಿಕಿತ್ಸೆಯ ಮಾತಾಡುವುದು ಸರಿಯಲ್ಲ ಎಂದು ನನಗನಿಸುತ್ತದೆ. ಆದರೆ ಈ ಹುಡುಗನಿಗೆ ಆಗಿರುವುದು ಬರೀ ಗಿಡ್ಡತನವಲ್ಲ. ದೇಹ ಮಾಡಿಕೊಳ್ಳಬೇಕಾದ ಒಂದು ವಸ್ತುವನ್ನು ಮಾಡಿಕೊಳ್ಳುತ್ತಿಲ್ಲ. ಅದಿಲ್ಲದೆ ಮಾಂಸಖಂಡ, ಎಲುಬು ಎಲ್ಲವೂ ಬಡವಾಗುತ್ತವೆ. ಕೊಟ್ಟರೆ ಸರಿಹೋಗುತ್ತದೆ, ಕೊಡಲು ಇರುವ ವರ್ಷಗಳು ಎಣಿಕೆಗೆ ಸಿಗುವಷ್ಟು. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಲ್ಲಿ ದೃಢಪಟ್ಟ ಬೆಳವಣಿಗೆ ಹಾರ್ಮೋನು ಕೊರತೆಯೂ ಸೇರಿದೆ, ಟರ್ನರ್ ಸಿಂಡ್ರೋಮೂ ಸೇರಿದೆ. ಗುರುತಿಸಿದ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ನೆರವಿನ ಅವಕಾಶವಿದೆ. ಕರ್ನಾಟಕದಲ್ಲಿ ಅಂಥ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ. ಅಲ್ಲಿಗೆ ಒಯ್ಯುವ ಕಡತಕ್ಕೆ ನಾವು ಶಾಲೆಯಿಂದ ಸೇರಿಸಿದ್ದು ಒಂದೇ ಹಾಳೆ: 115, 118, 121, 124, ಒಂದೊಂದರ ಮುಂದೆ ಅಳೆದ ದಿನಾಂಕ.

ಚುಚ್ಚುಮದ್ದು ಶುರುವಾಗಿ ಈಗ ಏಳು ತಿಂಗಳು. ಔಷಧಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಿಸಬಾರದು. ಅವನ ಮನೆಯಲ್ಲಿ ಫ್ರಿಜ್ ಇಲ್ಲ. ಬೀದಿಯ ಕೊನೆಯ ಅಂಗಡಿಯವರು ತಮ್ಮ ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟುಗಳ ಪಕ್ಕ ಒಂದು ಸ್ಟೀಲ್ ಡಬ್ಬಿಗೆ ಜಾಗ ಬಿಟ್ಟಿದ್ದಾರೆ. ರಾತ್ರಿ ಎಂಟೂವರೆಗೆ ಬಾಗಿಲು ಹಾಕುವ ಮುಂಚೆ ಹುಡುಗ ಬಂದು ಅಲ್ಲೇ ಒಳಗಡೆ ತೊಡೆಗೆ ತಾನೇ ಚುಚ್ಚಿಕೊಂಡು ಹೋಗುತ್ತಾನೆ. ಏಳು ತಿಂಗಳಲ್ಲಿ 5 ಸೆಂಟಿಮೀಟರ್ ಬೆಳೆದಿದ್ದಾನೆ. ಅವನಿಗೆ ಹದಿಮೂರು ನಡೆಯುತ್ತಿದೆ, ಎಲುಬಿಗೆ ಹತ್ತು. ಆ ಮೂರು ವರ್ಷವೇ ಅವನ ಬಂಡವಾಳ. ಅವನ ಅಪ್ಪ ಮೊನ್ನೆ ಅಂಗಡಿಯ ಮುಂದೆ ಸಿಕ್ಕಾಗ, ಎಷ್ಟು ಬೆಳೆಯುತ್ತಾನೆ ಎಂದು ಕೇಳಲಿಲ್ಲ. ‘ಮಳೆಗಾಲದಲ್ಲಿ ಕರೆಂಟು ಹೋಯ್ತಾ ಇರ್ತದೆ ಸಾ, ಆಗೇನ್ ಮಾಡದು?’ ಎಂದರು. ಅಂಗಡಿಯವರು ಒಳಗಿನಿಂದಲೇ, ‘ನಾನಿವ್ನಿ ಕನಪ್ಪ, ಐಸ್ ಮಡಗಿರ್ತೀನಿ’ ಎಂದರು.